ಮುಚ್ಚಿಹೋದ ಕಂಪನಿಗಳನ್ನು ಬಿಟ್ಟು ಹಾಕಿದ ಲೆಕ್ಕ

೧೯೮೬ರಲ್ಲಿ ನಾನು ರಾಜಾಜಿನಗರದ ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ವಿಶ್ಲೇಷಕನಾಗಿದ್ದೆ. ಷೇರು ಯಾವಾಗ ಕೊಳ್ಳಬೇಕೆಂಬುದಕ್ಕೆ ಊಹೆಯ ಬದಲು ಒಂದು ನಿಯಮ ಕಂಡುಹಿಡಿಯುವುದು ನನ್ನ ಕೆಲಸ. ಕಂಪ್ಯೂಟರ್ ಇರಲಿಲ್ಲ. ಹಳೆಯ ಪತ್ರಿಕೆಗಳ ದರಪಟ್ಟಿ, ಗ್ರಾಫ್ ಹಾಳೆ, ಒಂದು ಕ್ಯಾಲ್ಕುಲೇಟರ್, ಅಷ್ಟೆ.

ವಾರದ ಕೊನೆಯ ದರ ಹಿಂದಿನ ಹತ್ತು ವಾರಗಳ ಸರಾಸರಿಯನ್ನು ದಾಟಿದರೆ ಅದು ಕೊಳ್ಳುವ ಸಿಗ್ನಲ್. ಈ ನಿಯಮವನ್ನು ಐದು ವರ್ಷದ ದರಗಳ ಮೇಲೆ ನಾಲ್ಕು ತಿಂಗಳು ಪರೀಕ್ಷಿಸಿದೆ. ನಲವತ್ತು ಸಿಗ್ನಲ್‌ಗಳಲ್ಲಿ ಇಪ್ಪತ್ತೊಂಬತ್ತು ಲಾಭ ತೋರಿಸಿದವು. ಮಾಲೀಕರು ಖುಷಿಯಾಗಿ, ಗ್ರಾಹಕರಿಗೆ ಹಂಚಲು ಈ ನಿಯಮದ ಕರಪತ್ರ ಅಚ್ಚು ಹಾಕಿಸಿದರು.

ನನಗೆ ದರಗಳನ್ನು ನಕಲು ಮಾಡಿಕೊಡುತ್ತಿದ್ದವರು ವಿಜಯನಗರದ ಸರೋಜಮ್ಮ. ಒಂದು ಮಧ್ಯಾಹ್ನ ಕೇಳಿದರು: "ಸಾರ್, ನೀವು ತಗೊಂಡಿರೋದೆಲ್ಲ ಇವತ್ತಿನ ಪೇಪರಲ್ಲಿರೋ ಕಂಪ್ನಿಗಳು. ಈ ಐದು ವರ್ಷದಲ್ಲಿ ಬಾಗ್ಲು ಹಾಕ್ಕೊಂಡು ಹೋದವಲ್ಲ, ಅವು?"

ಬದುಕುಳಿದವನ್ನಷ್ಟೇ ಆರಿಸಿ, ನಿಯಮ ಗೆದ್ದಿತೆಂದಿದ್ದೆ. ಆರು ದಿನ ಕೂತು ಮುಚ್ಚಿಹೋದವನ್ನೂ ಸೇರಿಸಿದೆ. ಇನ್ನೂ ಇಪ್ಪತ್ಮೂರು ಸಿಗ್ನಲ್ ಸಿಕ್ಕವು. ಅವುಗಳಲ್ಲಿ ಇಪ್ಪತ್ತೊಂದು ನಷ್ಟ. ಒಟ್ಟಾರೆ ನಾಣ್ಯ ಚಿಮ್ಮಿದರೂ ಅಷ್ಟೇ ಫಲ.

"ಕರಪತ್ರ ಅಚ್ಚಾಗಿ ಕೂತಿದೆ ಕಣ್ರೀ," ಎಂದರು ಮಾಲೀಕರು, ಹೊಸ ಲೆಕ್ಕ ತೋರಿಸಿದಾಗ. "ಬಾಯಿ ಬಿಟ್ರೆ ನೀವು ಮನೆಗೆ ಹೋಗ್ಬೇಕಾಗುತ್ತೆ."

ಹೆಂಡತಿ ಬಸುರಿ. ನಾನು ಸುಮ್ಮನಾದೆ. ಸೋಮವಾರ ಕರಪತ್ರಗಳು ಹಂಚಿಹೋದವು.

ಬಸವೇಶ್ವರನಗರದ ರಂಗಪ್ಪನವರು ಬಟ್ಟೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಕರಪತ್ರ ನಂಬಿ ಗ್ರಾಚ್ಯುಟಿಯನ್ನೆಲ್ಲ ಸಿಗ್ನಲ್ ಬಂದ ಒಂದೇ ಕಂಪನಿಯ ಷೇರಿಗೆ ಹಾಕಿದರು. ಎಂಟು ತಿಂಗಳಲ್ಲಿ ಆ ಕಂಪನಿ ಮುಚ್ಚಿತು. ಅವರು ಕಚೇರಿಗೆ ಬಂದರು. ಕೂಗಾಡಲಿಲ್ಲ.

"ಕಂಪ್ನಿ ಮುಚ್ಚೋದು ನಿಮ್ಮ ಕೈಲಿಲ್ಲ, ಬಿಡಿ ಸಾರ್. ನಮ್ಮ ಕಣ್ಣೆದುರೇ ಎಷ್ಟು ಮಿಲ್ಲು ಮುಚ್ಲಿಲ್ಲ? ನಿಮ್ಮ ಲೆಕ್ಕದಲ್ಲಿ ಅಂಥವೂ ಇದ್ವಾ?"

"ಇದ್ವು," ಎಂದೆ.

ಪಕ್ಕದ ಮೇಜಿನಿಂದ ಸರೋಜಮ್ಮ ತಲೆಯೆತ್ತಿದರು. "ಇರ್ಲಿಲ್ಲ. ನಾನೇ ಹೇಳಿದ್ದೆ. ಹಂಚೋಕ್ ಮುಂಚೆನೇ ಇವ್ರಿಗೆ ಗೊತ್ತಿತ್ತು."

ರಂಗಪ್ಪನವರು ಮೆಟ್ಟಿಲಿಳಿದು ಹೋದರು. ಅಂದು ಸಂಜೆಯೇ ಸರೋಜಮ್ಮನ ಕೆಲಸ ಹೋಯಿತು. ನಾನು ಅದೇ ಕುರ್ಚಿಯಲ್ಲಿ ಇನ್ನೆರಡು ವರ್ಷ ಕೂತಿದ್ದೆ, ಬಡ್ತಿಯೂ ಸಿಕ್ಕಿತು.

ಲೆಕ್ಕದ ತಪ್ಪು ತಿದ್ದಲು ಬುದ್ಧಿ ಸಾಕು, ತಿದ್ದಿದ ಲೆಕ್ಕವನ್ನು ಬಾಯಿಬಿಟ್ಟು ಹೇಳಲು ಮನುಷ್ಯ ಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತವನು ನಾನು, ಬೆಲೆ ತೆತ್ತವರು ಅವರಿಬ್ಬರು.