ಡಾಕ್ಟರು ಸೂಜಿ ತರಿಸಿದರು

ಹೊಸಪೇಟೆಯ ಆ ದವಾಖಾನೆಯ ಒಳಕೋಣೆಯಲ್ಲಿ ಅವತ್ತು ಡಾಕ್ಟರು, ಅವರ ಕಂಪೌಂಡರ್, ನನ್ನ ಸೋದರಮಾವ ಮತ್ತು ನಾನು ಇದ್ದೆವು. ಬಾಗಿಲ ಪಕ್ಕದ ಬೆಂಚಿನ ಮೇಲೆ ಪಾಳಿಗೆ ಕಾಯುತ್ತಿದ್ದ ಹೆಂಗಸರು. ನಮ್ಮ ಮಾತೆಲ್ಲ ಅವರ ಕಿವಿಗೂ ಬೀಳುತ್ತಿತ್ತು. ಸ್ಟೂಲಿನ ಮೇಲೆ ಮಾವ ಕೂತಿದ್ದ. ಕರೆತಂದ ಹಿರಿಯರು ಕೂತು ಮಾತಾಡಬೇಕು, ರೋಗಿ ಹಿಂದೆ ನಿಂತು ಕೇಳಬೇಕು. ನಮ್ಮ ಕಡೆ ಹಾಗೇ.

ನಾನು ಕಡ್ಡಿರಾಂಪುರದಲ್ಲಿ ರವಿಕೆ ಹೊಲಿಯುತ್ತಿದ್ದೆ. ಅರ್ಧ ಹೊಲಿದು ಬಿಡುತ್ತಿದ್ದೆ ಅಂದರೇ ಸರಿ. ಬಟ್ಟೆ ಮಿಷನ್ನಿನ ಮೇಲೆ, ಮನಸ್ಸು ಕಾಲುವೆ ದಂಡೆಯ ಮೇಲೆ. ಬಳ್ಳಾರಿಯ ವಯಸ್ಸಾದ ಡಾಕ್ಟರೊಬ್ಬರು, "ಇದು ಸೋಮಾರಿತನ ಅಲ್ಲವ್ವ, ಗಮನ ನಿಲ್ಲದ ತೊಂದರಿ. ಹುಟ್ಟಿದಾಗಿಂದ ಐತಿ" ಅಂತ ಬೆಳಿಗ್ಗೆಗೊಂದು ಸಣ್ಣ ಗುಳಿಗೆ ಕೊಟ್ಟಿದ್ದರು. ಅದನ್ನು ತಿಂದ ದಿನಗಳಲ್ಲಿ ಹಿಡಿದ ರವಿಕೆಯನ್ನು ಹುಕ್ಕು ಹಚ್ಚುವತನಕ ಬಿಡುತ್ತಿರಲಿಲ್ಲ. ಅವರು ತೀರಿಕೊಂಡರು. ಹೊಸ ಚೀಟಿ ಇಲ್ಲದೆ ಔಷಧಿ ಅಂಗಡಿಯವನು ಗುಳಿಗೆ ಕೊಡಲೊಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದು.

"ಏನ್ರೀ ಇವಳಿಗೆ?" ಡಾಕ್ಟರು ಮಾವನನ್ನು ಕೇಳಿದರು.

"ಮರವು ರೀ. ಒಲಿ ಮ್ಯಾಲ ಹಾಲಿಟ್ಟು ಪಕ್ಕದ ಮನಿಗೆ ಹರಟಿ ಹೊಡಿಯಾಕ ಹೋಗ್ತಾಳ."

ಬೆಂಚಿನ ಹೆಂಗಸರು ನಕ್ಕರು. ನಾನು ಮುಂದೆ ಬಂದೆ.

"ನನ್ನ ಕೇಳ್ರಿ ಡಾಕ್ಟ್ರೇ. ಆ ಗುಳಿಗಿ ತಗಂಡ್ರ ಹೊಲಿಗಿ ಕೆಲಸ ಮುಗಿತೈತಿ. ನಿದ್ದಿ ಕೆಟ್ಟಿಲ್ಲ, ಎದಿ ಬಡಕೊಂಡಿಲ್ಲ. ಹಳೇ ಚೀಟಿ ನೋಡ್ರಿ."

ಅವರು ಚೀಟಿ ಮುಟ್ಟಲಿಲ್ಲ. "ಅದು ಚಟ ಹಿಡಿಸೋ ಗುಳಿಗೆ. ರುಚಿ ಕಂಡಿದ್ದೀಯ. ಗಮನ ಇಲ್ಲದವಳು ಹೀಗೆ ಪಾಠ ಒಪ್ಪಿಸ್ತಾಳಾ?" ಕಂಪೌಂಡರನ ಹತ್ತಿರ ಸೂಜಿ ದಾರ ತರಿಸಿದರು. "ಪೋಣಿಸು ನೋಡೋಣ, ಟೇಲರಮ್ಮ."

ಚಿಕ್ಕಂದಿನಿಂದ ಪೋಣಿಸಿದ ಕೈ. ಒಂದೇ ಸಲಕ್ಕೆ ದಾರ ದಾಟಿತು. ಬೆಂಚಿನಲ್ಲಿ ಒಬ್ಬಾಕೆ ಚಪ್ಪಾಳೆ ತಟ್ಟಿದಳು.

"ಕಾಯಿಲೆ ವಾಸಿಯಾಯ್ತು," ಅಂದರು ಡಾಕ್ಟರು.

"ಸೂಜಿ ಒಂದು ಉಸಿರಿನ ಕೆಲಸ ರೀ. ರವಿಕಿಗೆ ತೋಳು ಕೂಡ್ಸಾಕ ತಾಸು ಕುಂದ್ರಬೇಕು. ಬೇಕಾದ್ರ ಒಂದು ತಾಸು ಹೊರಗ ಹೊಲಿಯಾಕ ಕುಂದ್ರಿಸಿ ನೋಡ್ರಿ."

"ನನಗೆ ಬೇರೆ ಕೆಲಸ ಇಲ್ವಾ?" ಅಂದು ಮಾವನ ಕಡೆ ತಿರುಗಿದರು. "ಮದುವೆ ಮಾಡ್ರಿ. ಅತ್ತೆ ಬಾಯಿಗೆ ಸಿಕ್ಕರೆ ಗಮನ ತಾನೇ ನಿಲ್ಲುತ್ತೆ."

ನನ್ನ ಮಾತಿನ ಚುರುಕನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾವ, ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಕೈಯಿಂದ ಚೀಟಿ ಕಿತ್ತು, ಹರಿದು, ಗಾಯ ಒರೆಸಿದ ಹತ್ತಿಯ ಬುಟ್ಟಿಗೆ ಹಾಕಿದ. ನಾನು ಬಗ್ಗಿದೆ.

"ಕೈ ಹಾಕಬ್ಯಾಡ, ಹೊಲಸು," ಅಂದ ಕಂಪೌಂಡರ್.

ಡಾಕ್ಟರು ಟಾನಿಕ್ ಬರೆದರು. ಸಿಹಿಯಾಗಿತ್ತು; ಮಾವನ ಮಕ್ಕಳೇ ಕುಡಿದು ಮುಗಿಸಿದರು.

ಸುಗ್ಗಿಯ ಹೊತ್ತಿಗೆ ಅರ್ಧಕ್ಕೆ ನಿಂತ ರವಿಕೆಗಳನ್ನು ಮಾವ ಅವರವರ ಮನೆಗೆ ಮುಟ್ಟಿಸಿ ಬಂದ. ಮಿಷನ್ನನ್ನು ಬಸ್ಸಿನ ಮೇಲೆ ಹಾಕಿಸಿ ಕಂಪ್ಲಿಯಲ್ಲಿದ್ದ ತನ್ನ ಹಿರೀಮಗಳಿಗೆ ಕಳಿಸಿದ. ಮರುದಿನ ನಾನು ಕಬ್ಬು ಕಡಿಯುವವರ ಜೊತೆ ಕೂಲಿಗೆ ಹೋದೆ.