ಹರಿಹರಕ್ಕೆ ಹೋದ ಗಾದಿ ಅಂಗಡಿ

ನನ್ನ ಗಂಡ ದಾವಣಗೆರೆಯ ಹಳೇ ಪೇಟೆಯ ಒಂದು ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಮದುವೆ ಗೊತ್ತಾದ ಮನೆಯವರು ಸೀರೆ ತೆಗೆಯುವ ಮೊದಲೇ ಅವರ ಹತ್ತಿರ ಬರುತ್ತಿದ್ದರು ಎಂದು ಹೇಳಿದರೆ ಅದು ನನ್ನ ಹೆಮ್ಮೆಯ ಮಾತಾದೀತು. ಸೀರೆ ತೆಗೆದ ಮೇಲಾದರೂ ಬಂದೇ ಬರುತ್ತಿದ್ದರು.

ಕಟ್ಟಡ ಕೆಡವುತ್ತೇವೆ ಎಂದು ಮಾಲೀಕರು ಹೇಳಿದಾಗ ಊರಿನಲ್ಲಿ ಬೇರೆ ಜಾಗ ಸಿಗಲಿಲ್ಲ. ಹಿಂಜುವ ಯಂತ್ರದ ಧೂಳು ಯಾರಿಗೂ ಬೇಡವಾಗಿತ್ತು. ಹರಿಹರದಲ್ಲಿ ನನ್ನ ತಮ್ಮನ ಮಳಿಗೆ ಖಾಲಿ ಇತ್ತು. ಅಂಗಡಿ ಅಲ್ಲಿಗೆ ಹೋಯಿತು, ಮನೆ ಇಲ್ಲೇ ಉಳಿಯಿತು. "ಅಂಗಡಿ ಬೇಕಾರೆ ಹೋಗ್ಲಿ, ನಾ ಊರು ಬಿಡಲ್ಲ" ಎಂದು ನನ್ನ ಗಂಡ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಹಳೆಯ ಬಾಗಿಲಿಗೆ ಹರಿಹರದ ವಿಳಾಸ ಬರೆದ ಚೀಟಿ ಅಂಟಿಸಿದ್ದೆವು. ಒಂದು ವಾರಕ್ಕೆ ಬಾಗಿಲೇ ಹೋಯಿತು.

ನಾನು ಹತ್ತನೇ ತರಗತಿ ಓದಿದವಳು. ಸಣ್ಣ ವ್ಯಾಪಾರಸ್ಥರಿಗೆ ಪುಕ್ಕಟೆ ಪಾಠ ಹೇಳುವ ಜಾಲತಾಣವೊಂದು ನನ್ನ ಫೋನಿನಲ್ಲಿ ಸಿಕ್ಕಿತ್ತು, ಕನ್ನಡದಲ್ಲೇ ಇತ್ತು. ಸರಕಿನ ಫೋಟೋ ಬೆಳಗಿನ ಬೆಳಕಿನಲ್ಲಿ ತೆಗೆಯಬೇಕು, ಗಿರಾಕಿ ಬರೆದು ಕೇಳಿದರೆ ಅವತ್ತೇ ಉತ್ತರ ಕೊಡಬೇಕು ಎಂದೆಲ್ಲ ಅದರಿಂದಲೇ ಕಲಿತೆ. ನಮ್ಮ ಅಂಗಡಿಯನ್ನು ಫೋನಿನ ನಕ್ಷೆಯಲ್ಲಿ ಸೇರಿಸಿದ ದಿನ ಅವರು ನಕ್ಕಿದ್ದರು. "ನಮ್ಮ ಓಣಿನೂ ಐತಾ ಅದ್ರಾಗೆ?"

ಹರಿಹರಕ್ಕೆ ಹೋದ ದಿನ ಅದೇ ನಕ್ಷೆಯನ್ನು ತೆರೆದೆ. ಹಳೆಯ ಅಂಗಡಿ ಈಗ ಹೇಗಿದೆ ಎಂದು ಕೇಳಿತು. 'ಶಾಶ್ವತವಾಗಿ ಮುಚ್ಚಿದೆ' ಎಂಬುದನ್ನು ಒತ್ತಿದೆ. ಇದ್ದದ್ದನ್ನು ಹೇಳಿದೆ ಎಂದುಕೊಂಡೆ. ಹರಿಹರದ ಅಂಗಡಿಯನ್ನು ಬೇರೆಯದೇ ಹೊಸ ಅಂಗಡಿ ಎಂದು ಸೇರಿಸಿದೆ. ಸಂಜೆ ಅಂಗಡಿಯಿಂದ ಏಳುವಾಗ ಕೂಡ ಅವರು "ಬಾಗಿಲು ಮುಂದೆ ಮಾಡ್ತೀನಿ" ಎನ್ನುತ್ತಿದ್ದರೇ ಹೊರತು 'ಮುಚ್ಚುತ್ತೇನೆ' ಎಂಬ ಮಾತನ್ನು ಬಾಯಲ್ಲಿ ತರುತ್ತಿರಲಿಲ್ಲ. ಅವರನ್ನು ಒಂದು ಮಾತು ಕೇಳಿದ್ದರೆ ಒತ್ತಲು ಬಿಡುತ್ತಿರಲಿಲ್ಲ.

ಹರಿಹರದವರು ಬಂದರು. ಕೆಲಸಕ್ಕೆ ಕೊರತೆಯಾಗಲಿಲ್ಲ. ನನ್ನ ಗಂಡನ ಕಣ್ಣು ಮಾತ್ರ ದಾವಣಗೆರೆಯ ಬಸ್ಸಿಳಿದು ಬರುವವರ ಮೇಲಿತ್ತು. ಪಕ್ಕದ ಚಹಾ ಅಂಗಡಿಯವರು ಕೆಣಕುತ್ತಿದ್ದರು. "ಏನ್ರಿ ಸಾಹೇಬ್ರೆ, ಕುಡಿಯೋದು ನಮ್ಮೂರ ನೀರು, ಜಪ ಮಾಡೋದು ನಿಮ್ಮೂರ ಹೆಸ್ರು. ಇವತ್ತಾದ್ರೂ ಯಾರಾರ ಬಂದ್ರಾ?"

"ದಾವಣಗೆರ್ಯಾಗೂ ನಿಮ್ಮ ಹೊಳೆ ನೀರೇ ಬರಾದು. ಅದಕ್ಕೇ ನಾವು ಹರಿಹರದೋರು ಆಗಿಬಿಟ್ವಾ? ಲಗ್ನದ ಸೀಸನ್ ಬರ್ಲಿ ತಡೀರಿ, ಬರ್ತಾರೆ."

ಸೀಸನ್ ಬಂದು ಹೋಯಿತು. ಊರಿನಿಂದ ಒಬ್ಬರೂ ಬರಲಿಲ್ಲ. ಒಂದು ದಿನ ಊಟಕ್ಕೆ ಕೂತವರು ಕೇಳಿದರು, "ಆ ಫೋನಿನಾಗೆ ನಮ್ಮೂರ ಮಂದಿಗೆ ನಾವು ಕಾಣ್ತೀವೇನು?"

ನಾನು ರೊಟ್ಟಿ ತಟ್ಟುತ್ತಿದ್ದೆ. ಕೈಯೆಲ್ಲ ಹಿಟ್ಟಾಗಿತ್ತು. "ಕಾಣ್ತೀವಿ, ಯಾಕ ಕಾಣಲ್ಲ?" ಎಂದೆ.

"ಹಂಗಾರೆ ಗೊತ್ತಿದ್ದೂ ಬರ್ತಿಲ್ಲ ಅನ್ನು."

ಮತ್ತೆ ಅವರು ಆ ಮಾತು ಎತ್ತಲಿಲ್ಲ. ನಾನೂ ಕೈ ತೊಳೆದು ಫೋನ್ ನೋಡಲಿಲ್ಲ. ಈ ಸಲ ರಂಜಾನ್ ಮುಗಿದ ಮೇಲೆ, ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವರು ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು.

ನಲವತ್ತನೇ ದಿನದ ಫಾತೇಹಾ ಓದಿಸಿದ ಮೇಲೆ, ಸಾವಿನ ಸುದ್ದಿ ಕೇಳಿದ ಅಜ್ಜಿಯೊಬ್ಬರು ಮನೆ ವಿಚಾರಿಸಿಕೊಂಡು ಬಂದರು. ಅವರ ಮೂವರು ಹೆಣ್ಣುಮಕ್ಕಳ ಮದುವೆಗೂ ಗಾದಿ ನಮ್ಮ ಅಂಗಡಿಯದೇ.

"ಮೊಮ್ಮಗಳ ಲಗ್ನಕ್ಕೂ ಅವ್ರ ಕೈ ಗಾದಿನೇ ಬೇಕು ಅಂತ ನಾ ಹಟ ಹಿಡಿದಿದ್ನವ್ವ" ಎಂದರು. "ಆ ಹುಡುಗಿ ಫೋನ್ ನೋಡಿ, ಅಜ್ಜಿ, ಅವ್ರು ಕಾಯಂ ಮುಚ್ಯಾರೆ ಅಂದ್ಲು. ಪಾಪ, ವಯಸ್ಸಾತು, ಕಸುಬು ಬಿಟ್ರೇನೋ ಅಂದ್ಕಂಡ್ವಿ. ಅದೇನೋ ಫೋಮಿನ ಗಾದಿ ತಂದ್ರು. ಮಲಗಿದ್ರೆ ತೆಪ್ಪದಾಗೆ ಮಲಗಿದಂಗಾಗ್ತತೆ. ನಮ್ಮ ಓಣ್ಯಾಗೆ ಇನ್ನೂ ಎರಡು ಮನೆಯೋರು ಹಿಂಗೇ ಹುಡುಕಿ ಸುಮ್ಮನಾದ್ರು."

"ನಾವು ಹರಿಹರದಾಗೆ ಇದ್ವಿ" ಎಂದೆ.

"ಹರಿಹರದಾಗಾ! ಅಯ್ಯೋ ನಮ್ಮವ್ವ, ಬಸ್ ಹತ್ತಿ ಕಣ್ಣು ಮುಚ್ಚಿ ಬಿಡಾದ್ರಾಗೆ ಹರಿಹರ. ಮತ್ತೆ ಯಾಕ ಹಂಗ್ ತೋರ್ಸಿತ್ತು?"

"ಫೋನಿಂದೇನೋ ತಪ್ಪಾಗೈತೆ ಅಜ್ಜಿ."

ಅವರು ಹೋದ ಮೇಲೆ ಆ ಪಾಠಗಳನ್ನು ಮತ್ತೆ ತೆರೆದೆ. ಅಂಗಡಿ ಬೇರೆ ಕಡೆಗೆ ಹೋದಾಗ ಏನು ಮಾಡಬೇಕು ಎಂಬ ಪಾಠ ಅಲ್ಲೇ ಇತ್ತು. ನಾನು ಅದನ್ನು ಓದಿಯೇ ಇರಲಿಲ್ಲ. ಮುಚ್ಚಿದೆ ಎಂದು ಒತ್ತಬೇಡಿ, ವಿಳಾಸವನ್ನಷ್ಟೇ ಬದಲಿಸಿ, ಹಳೆಯ ಅಂಗಡಿಯನ್ನು ಹುಡುಕಿದ ಗಿರಾಕಿಗಳಿಗೆ ಹೊಸ ಜಾಗವೇ ಕಾಣುತ್ತದೆ ಎಂದಿತ್ತು. ಓದಲು ಎರಡು ನಿಮಿಷವೂ ಬೇಕಾಗಲಿಲ್ಲ.

ಊರು ತನ್ನನ್ನು ಬೇಡವೆಂದಿತು ಎಂದೇ ತಿಳಿದು ಅವರು ಹೋದರು. ಅಜ್ಜಿಗೆ ಸತ್ಯ ಹೇಳುವ ಧೈರ್ಯ ನನಗೆ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಒತ್ತಿದವಳು ನಾನು. ಅವರು ಕಸುಬು ಬಿಟ್ಟಿರಲಿಲ್ಲ. ದಾವಣಗೆರೆಯ ಮಂದಿ ಬರುತ್ತಾರೆಂದು ಒಳ್ಳೆಯ ಹತ್ತಿಯನ್ನು ಬೇರೆಯಾಗಿ ತೆಗೆದಿಟ್ಟು ಹರಿಹರದಲ್ಲಿ ಕೂತಿದ್ದರು.