ಅಳಿಸುವ ಕೀ ಇಲ್ಲದ ಪುಟ

ಅಪ್ಪ ಕೆ.ಜಿ.ಎಫ್‌ನ ಕಾರ್ಖಾನೆಯೊಂದರಲ್ಲಿ ಷಿಫ್ಟ್ ಸೂಪರ್‌ವೈಸರ್ ಆಗಿದ್ದ. ಅಲ್ಲಿಯ ರಿಜಿಸ್ಟರಿನಲ್ಲಿ ತಪ್ಪು ಬರೆದರೆ ಕೆರೆಯುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಅಕ್ಷರ ಕಾಣುವ ಹಾಗೆ ಸ್ಕೇಲ್ ಇಟ್ಟು ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಆ ಮಾತು ರದ್ದಾಯಿತು ಎಂದು ಅರ್ಥ. ಹೋಂವರ್ಕಿನಲ್ಲಿ ನಾನು ರಬ್ಬರ್ ಉಜ್ಜಿದರೂ ಬೈಯುತ್ತಿದ್ದ. ಅದು ಕಳ್ಳರ ಕೆಲಸವಂತೆ.

ಪಿಯುಸಿ ಮುಗಿದ ವರ್ಷ ಬೆಂಗಳೂರಿನ ಕಾಲೇಜಿನಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಗಲಿಲ್ಲ ಎಂದು ಹೇಳಿದವನೂ ಇದೇ ಅಪ್ಪ. ಸೀಟು ಸಿಕ್ಕಿತ್ತು. ಬಂದ ಪತ್ರವನ್ನು ತನ್ನ ಟ್ರಂಕಿನಲ್ಲಿ ಯೂನಿಫಾರ್ಮಿನ ಕೆಳಗೆ ಬಚ್ಚಿಟ್ಟಿದ್ದ. ಅದು ನನ್ನ ಕೈಗೆ ಸಿಕ್ಕಿದ್ದು ಹೋದ ವರ್ಷ, ಟ್ರಂಕಿಗೆ ಬಣ್ಣ ಹೊಡೆಸಲು ಖಾಲಿ ಮಾಡುವಾಗ. ಅಷ್ಟು ಹೊತ್ತಿಗೆ ನಾನು ಬಂಗಾರಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಹದಿನೈದು ವರ್ಷ ಪಾಠ ಹೇಳಿಯಾಗಿತ್ತು, ಬೆಳಗಿನ ಬೆಂಗಳೂರು ರೈಲು ಹತ್ತುವ ಹುಡುಗಿಯರನ್ನು ದಿನಾ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತ.

ಪತ್ರವನ್ನು ಅವನ ಮುಂದೆ ಹಿಡಿದು ಯಾಕೆ ಎಂದು ಕೇಳಿದೆ.

"ಬಾಯಲ್ಲಿ ಏಳಕಾಗಲ್ಲಮ್ಮಿ. ಬರ್ದು ಕೊಡ್ತೀನಿ."

ನಿವೃತ್ತಿಗೆ ಮುಂಚೆ ಟೈಪಿಂಗ್ ಕಲಿತಿದ್ದ. ಪ್ರತಿ ಸಂಜೆ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ಕುಟ್ಟುತ್ತಿದ್ದ. ಎದ್ದು ಹೋದ ಮೇಲೆ ನೋಡಿದರೆ ಪುಟ ಖಾಲಿ. ಒಂದು ತಿಂಗಳು ಇದೇ ನಾಟಕ. ರಬ್ಬರಿಗೆ ಬೈದವನೇ ಹೀಗೆ ಮಾಡುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು.

ಒಂದು ಭಾನುವಾರ ಟೈಪ್ ಮಾಡಲು ನಾನೇ ಚಿಕ್ಕದೊಂದು ಎಡಿಟರ್ ಪ್ರೋಗ್ರಾಂ ಬರೆದೆ. ಅದರಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಏನೂ ಆಗದು. ಡಿಲೀಟ್ ಇಲ್ಲ, ಕಟ್ ಇಲ್ಲ. ಒತ್ತಿದ ಅಕ್ಷರ ಒತ್ತಿದ ಕ್ಷಣವೇ ಸೇವ್ ಆಗುತ್ತದೆ. ಅಪ್ಪನಿಗೆ ತಿಳಿಸಲಿಲ್ಲ.

ಆ ಸಂಜೆ ಒಂದೇ ಕೀಯನ್ನು ಮತ್ತೆ ಮತ್ತೆ ಬಡಿಯುವ ಸದ್ದು ಕೇಳಿಸಿತು.

"ಇದ್ಯಾಕಮ್ಮಿ ಅಳಿಸ್ತಾ ಇಲ್ಲ?"

"ಅಳಿಸಲ್ಲ ಕಣಪ್ಪ. ಅಂಗೇ ಮಾಡಿದೀನಿ."

ಲ್ಯಾಪ್‌ಟಾಪ್ ಮುಚ್ಚಿ ಎದ್ದ. ಆಮೇಲೆ, "ಪ್ರಿಂಟ್ ತಕೊಂಬಾ, ಸೈನ್ ಆಕ್ಕೊಡ್ತೀನಿ," ಅಂದ.

ಮರುದಿನ ಸೆಂಟರಿನಲ್ಲಿ ಪ್ರಿಂಟ್ ತೆಗೆದೆ. ಅಪ್ಪ ಬರೆದದ್ದು ಮೂರೇ ಸಾಲು: ಸೀಟು ಬಂದಿತ್ತು. ಮಗಳನ್ನು ದಿನಾ ರೈಲಿಗೆ ಕಳಿಸಲು ಹೆದರಿ ಸುಳ್ಳು ಹೇಳಿದೆ. ನಾನು ಮಾಡಿದ್ದು ತಪ್ಪು.

ನಮ್ಮೂರಿಗೆ ಹೋಗುವ ಕ್ಯಾಸಂಬಳ್ಳಿ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮೂರನೆಯ ಸಾಲನ್ನು ಎಷ್ಟು ಸಲ ಓದಿದೆನೋ. ನನಗೆ ಬೇಕಿದ್ದುದು ಅದೊಂದೇ. ಅವನನ್ನು ಕ್ಷಮಿಸಿಬಿಡಲು ಮನಸ್ಸು ಆಗಲೇ ತಯಾರಾಗಿ ಕೂತಿತ್ತು, ಮಾನಗೆಟ್ಟ ಮನಸ್ಸು.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಸ್ಕೇಲ್ ಕೇಳಿದ. ಕೊಟ್ಟೆ. ಮೂರನೆಯ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಖು ಹಾಕಿದ.

"ಈಗ ಸರಿಯಾಯ್ತು, ತಕೋ."

ಆ ಹಾಳೆ ಕಾಲೇಜಿನ ಪತ್ರದ ಜೊತೆ ಅದೇ ಟ್ರಂಕಿನಲ್ಲಿದೆ. ಗೆರೆಯ ಕೆಳಗಿನ ಅಕ್ಷರವನ್ನು ಈಗಲೂ ಸಲೀಸಾಗಿ ಓದಬಹುದು. ಅಪ್ಪನ ಕೆಲಸ ಯಾವಾಗಲೂ ಅಚ್ಚುಕಟ್ಟು.